ಗುಳ್ಳೆ ಎಲ್ಲಿಂದ ಬಂತು, ಸ್ವಾಮಿ?

ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಡೆ ಹೋಗಿ ಕಾಫಿ ಬೆಳೆಗಾರರನ್ನು ಕೇಳಿ ನೋಡಿ, "ರೇಟು ಎಷ್ಟಿದೆ?" ಅಂತ. ಅವರು ತಿರುಗಿ ಕೇಳ್ತಾರೆ: "ಯಾವುದು, ಚೆರಿನಾ ಪಾರ್ಚ್‌ಮೆಂಟಾ?" ಗಿಡ ಅದೇ, ಹಣ್ಣೂ ಅದೇ. ಹಾಗೇ ಕಣದಲ್ಲಿ ಒಣಗಿಸಿದರೆ ಚೆರಿ. ಪಲ್ಪರ್‌ನಲ್ಲಿ ಸಿಪ್ಪೆ ತೆಗೆದು, ತೊಟ್ಟಿಯಲ್ಲಿ ಹುಳಿಯಲು ಬಿಟ್ಟು, ಲೋಳೆ ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ರುಚಿ ಬೇರೆ, ರೇಟೂ ಬೇರೆ.

ಈ ಲೆಕ್ಕ ಗೊತ್ತಿದ್ದವರಿಗೆ ಇವತ್ತಿನ ವಿಷಯ ಸಲೀಸು. ಕಾರ್ ರೇಸ್ ಗೆದ್ದವರು 'ಡಬ್' ಅಂತ ಬಿರಡೆ ಹಾರಿಸ್ತಾರಲ್ಲ, ಆ ಗುಳ್ಳೆ ವೈನ್. ನಾವು ಟಿವಿಯವರು ಎಲ್ಲದಕ್ಕೂ ಶಾಂಪೇನ್ ಅಂದುಬಿಡ್ತೀವಿ. ತಪ್ಪು. ಫ್ರಾನ್ಸ್‌ನ ಶಾಂಪೇನ್ ಪ್ರದೇಶದಲ್ಲಿ, ಅಲ್ಲಿನ ನಿಯಮದಂತೆ ತಯಾರಾದರೆ ಮಾತ್ರ ಆ ಹೆಸರು. ಉಳಿದದ್ದು ಸ್ಪಾರ್ಕ್ಲಿಂಗ್ ವೈನ್. ಕುಡೀರಿ ಅಂತ ನಾನು ಹೇಳ್ತಿಲ್ಲ. ದುಡ್ಡು ಕೊಡೋರಿಗೆ ಯಾವುದಕ್ಕೆ ಕೊಡ್ತಿದೀವಿ ಅಂತ ಗೊತ್ತಿರಲಿ, ಅಷ್ಟೇ.

ಯೀಸ್ಟ್ ದ್ರಾಕ್ಷಿರಸದ ಸಕ್ಕರೆ ತಿಂದು ಎರಡು ವಸ್ತು ಕೊಡುತ್ತೆ: ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್. ಸಾಮಾನ್ಯ ವೈನ್‌ನಲ್ಲಿ ಗ್ಯಾಸ್ ಹೊರಗೆ ಹೋಗುತ್ತೆ. ಅದನ್ನು ಹೋಗಲು ಬಿಡದಿದ್ದರೆ ಗುಳ್ಳೆ. ಎಲ್ಲಿ ಹಿಡಿದಿಡ್ತೀರಿ ಅನ್ನೋದರ ಮೇಲೆ ಜಾತಿ ಬದಲಾಗುತ್ತೆ.

ಒಂದು, ಶಾಂಪೇನ್ ಪದ್ಧತಿ. ತಯಾರಾದ ವೈನ್‌ಗೆ ಸ್ವಲ್ಪ ಸಕ್ಕರೆ, ಯೀಸ್ಟ್ ಸೇರಿಸಿ ಬಾಟಲಿಯಲ್ಲೇ ಇನ್ನೊಮ್ಮೆ ಹುದುಗಿಸೋದು. ಎಂಜಿನಿಯರಿಂಗ್ ಓದಿದವನಿಗೆ ಇಲ್ಲಿ ಕಣ್ಣಿಗೆ ಬೀಳೋದು ಪ್ರೆಶರ್: ಒಳಗೆ 5ರಿಂದ 6 ಅಟ್ಮಾಸ್ಫಿಯರ್, ಕಾರಿನ ಟೈರಿನ ಎರಡು ಪಟ್ಟಿಗೂ ಹೆಚ್ಚು. ಗಾಜು ದಪ್ಪ ಇರೋದು ಅದಕ್ಕೇ. ಶಾಂಪೇನ್ ಆದರೆ ಮಾರಾಟಕ್ಕೆ ಮೊದಲು ಕನಿಷ್ಠ 15 ತಿಂಗಳು ಕಾಯಬೇಕು. ಸತ್ತ ಯೀಸ್ಟ್ ಜೊತೆ ಕೂತೂ ಕೂತೂ ಬ್ರೆಡ್ಡಿನಂಥ ಘಮ ಬರುತ್ತೆ. ಆಮೇಲೆ ಬಾಟಲಿ ತಲೆಕೆಳಗಾಗಿಸಿ, ಗಷ್ಟನ್ನು ಕುತ್ತಿಗೆಗೆ ಇಳಿಸಿ, ಅಲ್ಲಿ ಹೆಪ್ಪುಗಟ್ಟಿಸಿ ಹೊರಗೆ ಹಾರಿಸ್ತಾರೆ.

ಎರಡು, ಟ್ಯಾಂಕ್ ಪದ್ಧತಿ. ಎರಡನೇ ಹುದುಗು ದೊಡ್ಡ ಸ್ಟೀಲ್ ಟ್ಯಾಂಕಿನಲ್ಲಿ. ಇಟಲಿಯ ಪ್ರೊಸೆಕ್ಕೊ ಹೆಚ್ಚಾಗಿ ಹೀಗೆ ಆಗೋದು. ಬೇಗ ಮುಗಿಯುತ್ತೆ, ಖರ್ಚು ಕಡಿಮೆ, ಹಣ್ಣಿನ ತಾಜಾ ರುಚಿ ಉಳಿಯುತ್ತೆ.

ಮೂರು, ಮೊದಲ ಹುದುಗು ಮುಗಿಯೋ ಮುಂಚೆಯೇ ಬಾಟಲಿಗೆ ತುಂಬಿ ಮುಚ್ಚಿಬಿಡೋದು. ಹಳೇ ಹಳ್ಳಿ ವಿಧಾನ. ಪೆಟ್-ನ್ಯಾಟ್ ಅಂತಾರೆ. ಸಾಮಾನ್ಯವಾಗಿ ಸ್ವಲ್ಪ ಮಬ್ಬು ಇರುತ್ತೆ.

ನಾಲ್ಕು, ಸೋಡಾ ಮಾಡಿದ ಹಾಗೆ ಹೊರಗಿಂದ ಗ್ಯಾಸ್ ಹಾಕೋದು. ಅಗ್ಗ. ಗುಳ್ಳೆಯೂ ಬೇಗ ಸತ್ತುಹೋಗುತ್ತೆ.

ಲೇಬಲ್‌ನಲ್ಲೂ ಒಂದು ಮೋಸ ಹೋಗೋ ಜಾಗ ಇದೆ. 'ಬ್ರೂಟ್' ಅಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. 'ಎಕ್ಸ್‌ಟ್ರಾ ಡ್ರೈ' ಅಂದರೆ ಇನ್ನೂ ಕಡಿಮೆ ಅಂದ್ಕೊಂಡ್ರಾ? ಅಲ್ಲ, 12ರಿಂದ 17 ಗ್ರಾಂ!

ನಮ್ಮಲ್ಲೇನಿದೆ? 1988ರಲ್ಲಿ ದೊಡ್ಡಬಳ್ಳಾಪುರದಲ್ಲಿ ಗ್ರೋವರ್ ಕುಟುಂಬ ಫ್ರೆಂಚ್ ದ್ರಾಕ್ಷಿ ನೆಟ್ಟಿತು. 2007ರಲ್ಲಿ ರಾಜ್ಯ ವೈನ್ ನೀತಿ ತಂತು. ಆದರೆ ಗುಳ್ಳೆ ವೈನ್‌ನಲ್ಲಿ ಮೊದಲೇ ಹೆಸರು ಮಾಡಿದ್ದು ಮಹಾರಾಷ್ಟ್ರ. ನಾರಾಯಣಗಾಂವ್‌ನಿಂದ 1980ರ ದಶಕದಲ್ಲೇ 'ಒಮರ್ ಖಯ್ಯಾಮ್' ವಿದೇಶಕ್ಕೆ ಹೋಗ್ತಿತ್ತು. ಹಣ್ಣು ಮಾರಿದವನಿಗೆ ಕಿಲೋ ಲೆಕ್ಕದ ದುಡ್ಡು, ಹುದುಗಿಸೋ ಹದ ಗೊತ್ತಿದ್ದವನಿಗೆ ಬಾಟಲಿ ಲೆಕ್ಕದ ದುಡ್ಡು. ನಮ್ಮ ದ್ರಾಕ್ಷಿ ಬೆಳೆಗಾರ ಯಾವ ಲೆಕ್ಕದಲ್ಲಿದ್ದಾನೆ, ಯೋಚನೆ ಮಾಡಿ.

ಹಾಗಾಗಿ ಅಂಗಡಿಯಲ್ಲಿ ಬಾಟಲಿ ಎತ್ತಿಕೊಂಡರೆ ಅರೇಹಳ್ಳಿಯವರ ಪ್ರಶ್ನೆಯನ್ನೇ ಕೇಳಿ. ಗುಳ್ಳೆ ಬಾಟಲಿಯದಾ, ಟ್ಯಾಂಕಿನದಾ, ಸಿಲಿಂಡರಿನದಾ? ಬೆಲೆ ಆಮೇಲೆ ಮಾತಾಡೋಣ.