ಸೀಗಿ ಹುಣ್ಣಿಮೆಗೆ ಹೊಲಕ್ಕೆ ಹೋದಾಗ ಏನೇನು ಮಾಡಬಹುದು?



ದಸರಾ ರಜೆ ಬಂತು. ವಿಜಯದಶಮಿಯಾಗಿ ಐದು ದಿನಕ್ಕೆ ಸೀಗಿ ಹುಣ್ಣಿಮೆ. ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದು ನಮ್ಮ ಕಡೆಯ ರೂಢಿ. ದುಡಿಯಲು ದೂರ ಹೋದ ನಮ್ಮ ಅಪ್ಪನೂ ಆ ದಿನ ಊರಲ್ಲಿರುತ್ತಾರೆ. ನಾವೆಲ್ಲ ಒಂದೇ ಕಡೆ ಕೂತು ಉಣ್ಣುವ ದಿನಗಳು ವರ್ಷದಲ್ಲಿ ಬಹಳ ಇಲ್ಲ. ಅದನ್ನು ಬರೀ ಉಂಡು ಮಲಗಿ ಕಳೆಯಬಾರದು ಅಂತ ಇದನ್ನು ಬರೆದಿದ್ದೇನೆ.

ಚರಗ ಚೆಲ್ಲುವುದು

ಈ ಹೊತ್ತಿಗೆ ಹೊಲ ತುಂಬಿಕೊಂಡಿರುತ್ತದೆ. ಹಿಂಗಾರಿ ಜೋಳ ಎದ್ದಿರುತ್ತದೆ, ತೊಗರಿ ಹೂವಿಗೆ ಬರುತ್ತಿರುತ್ತದೆ, ಹತ್ತಿ ಕಾಯಿ ಕಟ್ಟಿರುತ್ತದೆ. "ಭೂಮಿತಾಯಿ ಬಸುರಿ ಅದಾಳ, ಬರಿಗೈಲೆ ಹೋಗಬಾರದು" ಅಂತಾಳೆ ನಮ್ಮ ಅಜ್ಜಿ. ಬಸುರಿಗೆ ಬಯಕೆ ಊಟ ಮಾಡಿಸಿದಂತೆ ಭೂಮಿಗೂ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಪುಂಡಿಪಲ್ಯ ಎಡೆ ಮಾಡುತ್ತಾರೆ. ಐದು ಕಲ್ಲು ಇಟ್ಟು ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡುತ್ತಾರೆ. ಆಮೇಲೆ ಎಡೆಯನ್ನು ಹೊಲದ ತುಂಬ ಚೆಲ್ಲುವುದೇ ಚರಗ. ಹಕ್ಕಿ, ಇರುವೆಗಳಿಗೂ ಅಂದು ಹಬ್ಬ. ಚೆಲ್ಲುವಾಗ ಹೊಲದ ನಾಲ್ಕೂ ಬದು ತಿರುಗಿರಿ. ಬದು ಎಲ್ಲಿ ಒಡೆದಿದೆ, ಮಳೆನೀರು ಎಲ್ಲಿ ಮಣ್ಣು ಕೊಚ್ಚಿದೆ ಎಂದು ದೊಡ್ಡವರಿಗೆ ತೋರಿಸಿರಿ.

ಹುಳ ನೋಡುವುದು

ಎಲ್ಲ ಹುಳವೂ ಕೆಟ್ಟದ್ದಲ್ಲ. ಕೆಂಪು ಬೆನ್ನಿನ ಮೇಲೆ ಕರಿ ಚುಕ್ಕೆ ಇರುವ ಗುಲಗಂಜಿ ಹುಳ ಬೆಳೆಯ ಹೇನುಗಳನ್ನು ತಿನ್ನುತ್ತದೆ. ಅದನ್ನು ಕೊಲ್ಲಬೇಡಿ. ತೊಗರಿಯ ಕಾಯಿಕೊರಕ ಕೀಡೆ ಮಾತ್ರ ವೈರಿ. ಗಿಡದ ಕೆಳಗೆ ಹಳೇ ಸೀರೆ ಹಾಸಿ ಮೆಲ್ಲಗೆ ಅಲುಗಾಡಿಸಿದರೆ ಕೀಡೆಗಳು ಉದುರುತ್ತವೆ. ಒಂದು ಸಾಲು ಅವ್ವನಿಗೆ, ಒಂದು ಸಾಲು ಅಪ್ಪನಿಗೆ ಹಂಚಿ, ಯಾರ ಸಾಲಿನಲ್ಲಿ ಹೆಚ್ಚು ಎಂದು ಎಣಿಸಿರಿ. ಔಷಧ ಹೊಡೆದ ಹೊಲವಾದರೆ ಗಿಡ ಮುಟ್ಟಬೇಡಿ. ಉಣ್ಣುವ ಮೊದಲು ಕೈಯನ್ನು ಸಾಬೂನಿನಿಂದ ತೊಳೆಯಿರಿ.

ಚಂದ್ರನನ್ನು ಅಳೆಯುವುದು

ಹುಣ್ಣಿಮೆಯ ಸಂಜೆ ಪಡುವಣಕ್ಕೆ ಸೂರ್ಯ ಮುಳುಗುವ ಹೊತ್ತಿಗೇ ಮೂಡಣಕ್ಕೆ ಚಂದ್ರ ಏಳುತ್ತಾನೆ. ನಡುವೆ ಭೂಮಿ, ಅದರ ಮೇಲೆ ನಾವು! ಏಳುವಾಗ ಚಂದ್ರ ದೊಡ್ಡವನಾಗಿ ಕಾಣುತ್ತಾನೆ. ಕೈ ಉದ್ದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ, ಕಿರುಬೆರಳು ಅಡ್ಡ ಹಿಡಿಯಿರಿ. ಚಂದ್ರ ಮರೆಯಾಗುತ್ತಾನೆ. ರಾತ್ರಿ ನೆತ್ತಿಗೆ ಬಂದಾಗಲೂ ಹೀಗೇ ಮಾಡಿರಿ. ಅದೇ ಬೆರಳು ಆಗಲೂ ಸಾಕು. ಅಂದರೆ ದೊಡ್ಡದಾಗಿ ಕಾಣುವುದು ನಮ್ಮ ಕಣ್ಣಿನ ಭ್ರಮೆ.

ಸಿಡಿಲು ಬಂದರೆ

ಇದನ್ನು ಎಲ್ಲರೂ ಓದಲೇಬೇಕು. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು. ನಾವು ಉಣ್ಣಲು ಕೂಡುವುದು ಗಿಡದ ನೆರಳಿಗೇ. ಬಿಸಿಲಿಗೆ ಅದು ಒಳ್ಳೆಯ ಜಾಗ, ಸಿಡಿಲಿಗೆ ಅಲ್ಲ. ಬಯಲಿನಲ್ಲಿ ಎತ್ತರದ ಗಿಡಕ್ಕೆ ಸಿಡಿಲು ಬಡಿಯುವುದು ಹೆಚ್ಚು. ಅದು ಗಿಡದಿಂದ ಪಕ್ಕದ ಮನುಷ್ಯನಿಗೂ ಹಾರುತ್ತದೆ.

ಮಿಂಚಿದ ಕೂಡಲೇ ಒಂದು, ಎರಡು ಎಂದು ಸೆಕೆಂಡು ಎಣಿಸಿರಿ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು ಬೇಕು. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗೇ ಇದೆ. ಬುತ್ತಿ ಅಲ್ಲೇ ಬಿಟ್ಟು ಪಕ್ಕಾ ಮನೆ ಸೇರಿರಿ. ಕೊನೆಯ ಗುಡುಗಾಗಿ 30 ನಿಮಿಷ ಹೊರಗೆ ಬರಬೇಡಿ. ಮನೆ ದೂರವಿದ್ದರೆ ಗಿಡ, ತಂತಿ ಬೇಲಿ, ನೀರು ಇವುಗಳಿಂದ ದೂರ ಸರಿದು, ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕೂಡ್ರಿರಿ. ನೆಲದ ಮೇಲೆ ಮಲಗಬಾರದು. ಎಲ್ಲರೂ ಒಂದೇ ಕಡೆ ಗುಂಪಾಗಲೂ ಬಾರದು. ದೊಡ್ಡವರು "ಏನೂ ಆಗೂದಿಲ್ಲ, ಕೂಡ್ರೋ" ಅಂದರೂ ಹಟ ಮಾಡಿ ಎಬ್ಬಿಸಿರಿ. ಈ ಒಂದು ಹಟಕ್ಕೆ ಯಾರೂ ಬೈಯುವುದಿಲ್ಲ.

ಹೊಲ ಇಲ್ಲದ ಗೆಳೆಯರ ಮನೆಯವರನ್ನೂ ಕರೆದುಕೊಂಡು ಹೋಗಿರಿ. ಚರಗಕ್ಕೆ ಯಾರ ಕೈಯಾದರೂ ನಡೆಯುತ್ತದೆ. ಯಾರ ಸಾಲಿನಲ್ಲಿ ಎಷ್ಟು ಕೀಡೆ ಸಿಕ್ಕವು ಎಂದು ಬರೆದು ತಂದರೆ ರಜೆ ಮುಗಿದ ಮೇಲೆ ಇದೇ ಗೋಡೆಯ ಮೇಲೆ ಹಚ್ಚೋಣ.