ಸ್ನಾಯುವಿನ ಪಾಠಕ್ಕೆ ಚಲನೆ ಬಂದಾಗ

ದೀಪಾವಳಿ ಕಳೆಯಿತೆಂದರೆ ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಳ್ಳಿಗಳಲ್ಲಿ ಹೋರಿ ಹಬ್ಬದ ಸಂಭ್ರಮ ಆರಂಭವಾಗುವುದು ಈ ಸೀಮೆಯ ಓದುಗರಿಗೆ ತಿಳಿದೇ ಇದೆ. ಕೊರಳಿಗೆ ಕೊಬ್ಬರಿ ಹಾರ, ಕೊಂಬಿಗೆ ಬಣ್ಣದ ರಿಬ್ಬನ್ನು, ಬಲೂನು ಕಟ್ಟಿಸಿಕೊಂಡ ಹೋರಿಯು ಜನಸಂದಣಿಯ ನಡುವೆ ಬಾಣದಂತೆ ಹಾಯ್ದುಹೋಗುವಾಗ, ಅದರ ತೊಡೆಯಲ್ಲಿ, ಹೆಗಲಿನಲ್ಲಿ ಸ್ನಾಯುಗಳು ಉಬ್ಬಿ ಇಳಿಯುವ ಪರಿಯನ್ನು ಕಣ್ಣಾರೆ ಕಂಡವರು ನಾವು. ಆದರೆ ಆ ಉಬ್ಬಿನ ಒಳಗೆ ನಿಜವಾಗಿ ನಡೆಯುವುದೇನು ಎಂದು ಮನೆಯ ಮಗುವೊಂದು ಕೇಳಿದರೆ ಉತ್ತರಿಸುವುದು ಸುಲಭವಲ್ಲ. ಪ್ರಥಮ ಪಿ.ಯು.ಸಿ. ಜೀವಶಾಸ್ತ್ರದ ಪಠ್ಯದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಚಲನೆಯನ್ನು ಕುರಿತ ಆ ಅಧ್ಯಾಯದಲ್ಲಿ ಚಲಿಸದೆ ಇರುವುದೆಂದರೆ ಅದರ ಚಿತ್ರಗಳು ಮಾತ್ರ.

ಪದವಿಪೂರ್ವ ತರಗತಿಗಳಿಗೆ ಮೂರು ದಶಕಗಳ ಕಾಲ ಜೀವಶಾಸ್ತ್ರ ಬೋಧಿಸಿ ನಿವೃತ್ತನಾದವನು ನಾನು. ಪ್ರತಿವರ್ಷವೂ ಕಪ್ಪುಹಲಗೆಯ ಮೇಲೆ ಎರಡು ಝಡ್ ಗೆರೆಗಳನ್ನೆಳೆದು, ನಡುವೆ ದಪ್ಪನೆಯ ಮಯೋಸಿನ್ ಎಳೆಗಳನ್ನೂ, ಎರಡು ಕಡೆಯಿಂದ ತೆಳ್ಳನೆಯ ಆಕ್ಟಿನ್ ಎಳೆಗಳನ್ನೂ ಬರೆದು, “ಇವು ಒಂದರೊಳಗೊಂದು ಸರಿಯುತ್ತವೆ” ಎಂದು ಹೇಳುತ್ತಿದ್ದೆ. ಸೀಮೆಸುಣ್ಣದ ಗೆರೆ ಎಲ್ಲಿಯಾದರೂ ಸರಿಯುವುದುಂಟೆ? ಮಕ್ಕಳು ಬರೆದುಕೊಂಡರು, ಕಂಠಪಾಠ ಮಾಡಿದರು, ಅಂಕ ಪಡೆದರು. ಅವರಿಗೆ ಅರ್ಥವಾಗಿದೆ ಎಂದೇ ನಾನೂ ನಂಬಿದ್ದೆ. ಆ ನಂಬಿಕೆ ಎಷ್ಟು ಟೊಳ್ಳು ಎಂಬುದು ತಿಳಿದದ್ದು ನಿವೃತ್ತನಾದ ಮೇಲೆ, ನನ್ನ ತಂಗಿಯ ಮಗಳಿಂದ.

ಆನವಟ್ಟಿಯ ಕಡೆಯ ಹಳ್ಳಿಯವಳು ಆಕೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕಗಳನ್ನೇ ಪಡೆದು, ಶಿಕಾರಿಪುರದಲ್ಲಿ ವಿಜ್ಞಾನ ವಿಭಾಗ ಸೇರಿದಳು. ಬೆಳಗಿನ ಬಸ್ಸಿಗೆ ಹೊರಟರೆ ಶಿರಾಳಕೊಪ್ಪದ ಮೇಲೆ ಹೋಗಿ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಮೊದಲ ಕಿರುಪರೀಕ್ಷೆಯಲ್ಲಿ ಜೀವಶಾಸ್ತ್ರವೂ ಸೇರಿ ಎರಡು ವಿಷಯಗಳಲ್ಲಿ ಹಿಂದೆ ಬಿದ್ದಳು. ಹಬ್ಬಕ್ಕೆ ಹೋದಾಗ ಅವಳ ತಂದೆ ನನ್ನನ್ನು ಜಗಲಿಗೆ ಕರೆದು, “ಭಾವ, ಮುಂದಿನ ವರ್ಷ ಇವಳನ್ನ ಕಲಾ ವಿಭಾಗಕ್ಕೆ ಹಾಕಿಬಿಡೋಣ. ಇಂಗ್ಲಿಷು ಇವಳಿಗೆ ಹತ್ತಲ್ಲ” ಎಂದರು. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಅವಳನ್ನು ಕರೆದು ಸ್ನಾಯುಸಂಕೋಚನದ ಪ್ರಶ್ನೆ ಹಾಕಿದೆ. ಎ ಪಟ್ಟಿಯ ಉದ್ದ ಬದಲಾಗುವುದಿಲ್ಲ, ಐ ಪಟ್ಟಿ ಕಿರಿದಾಗುತ್ತದೆ ಎಂದು ಪಠ್ಯದ ಇಂಗ್ಲಿಷ್ ವಾಕ್ಯವನ್ನು ತಪ್ಪಿಲ್ಲದೆ ಒಪ್ಪಿಸಿದಳು. ಹಾಗಾದರೆ ಎಳೆಗಳಿಗೆ ಏನಾಯಿತು ಎಂದು ಕೇಳಿದೆ. “ಎಳೆದು ಬಿಟ್ಟ ರಬ್ಬರಿನ ಹಂಗೆ ಅವೂ ಗಿಡ್ಡ ಆಗ್ತಾವಲ್ಲ ಮಾವ? ಸ್ನಾಯು ಗಿಡ್ಡ ಆಗ್ಬೇಕಾದ್ರೆ ಎಳೆನೂ ಆಗ್ಲೇಬೇಕಲ್ಲ?” ಎಂದಳು. ಬಾಯಲ್ಲಿ ಸರಿಯುತ್ತರ, ಮನಸ್ಸಿನಲ್ಲಿ ಅದಕ್ಕೆ ನೇರ ವಿರುದ್ಧವಾದ ಚಿತ್ರ! ನನ್ನ ಎಷ್ಟು ಶಿಷ್ಯರು ಇದೇ ರಬ್ಬರನ್ನು ತಲೆಯಲ್ಲಿಟ್ಟುಕೊಂಡು ಪಾಸಾಗಿ ಹೋದರೋ ಎಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ.

ಹುಡುಗಿಯ ತಪ್ಪು ದಡ್ಡತನದ ತಪ್ಪಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಎಳೆಗಳೇ ಮಡಚಿಕೊಂಡು ಅಥವಾ ಸುರುಳಿ ಸುತ್ತಿಕೊಂಡು ಗಿಡ್ಡವಾಗುತ್ತವೆ ಎಂಬುದು ಒಂದು ಕಾಲದಲ್ಲಿ ವಿಜ್ಞಾನಿಗಳೂ ನಂಬಿದ್ದ ಸಂಗತಿ. 1954ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಪ್ರಕಟವಾದವು. ಒಂದು ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್ಗರ್ಕ ಅವರದು; ಇನ್ನೊಂದು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಅವರದು. ಹೆಸರು ಒಂದೇ ಆದರೂ ಹಕ್ಸ್‌ಲಿಗಳಿಬ್ಬರೂ ಬಂಧುಗಳಲ್ಲ. ಎಳೆಗಳು ತಮ್ಮ ಉದ್ದವನ್ನು ಉಳಿಸಿಕೊಂಡೇ ಒಂದರ ಪಕ್ಕದಲ್ಲೊಂದು ಜಾರುತ್ತವೆ ಎಂಬ ತೀರ್ಮಾನಕ್ಕೆ ಎರಡು ತಂಡಗಳೂ ಪ್ರತ್ಯೇಕವಾಗಿ ಬಂದಿದ್ದವು. ವಿದ್ವಾಂಸರಿಗೇ ಅಷ್ಟು ಕಾಲ ಹಿಡಿದ ವಿಷಯವನ್ನು ನಲವತ್ತೈದು ನಿಮಿಷದ ಒಂದು ಪಿರಿಯಡ್ಡಿನಲ್ಲಿ, ಪರಭಾಷೆಯಲ್ಲಿ, ನಿಶ್ಚಲ ಚಿತ್ರವೊಂದರಿಂದ ಗ್ರಹಿಸು ಎಂದರೆ ಮಗು ಏನು ಮಾಡೀತು?

ಮರುದಿನ ಅವಳ ತಂದೆಯ ಮೊಬೈಲನ್ನು ಕೇಳಿ ಪಡೆದು, ಅಂತರಜಾಲದಲ್ಲಿ ಉಚಿತವಾಗಿ ದೊರೆಯುವ ಒಂದು ವಿಡಿಯೊ ಪಾಠವನ್ನು ಇಬ್ಬರೂ ಕುಳಿತು ನೋಡಿದೆವು. ವಿವರಣೆ ಕನ್ನಡದಲ್ಲಿ, ಪಾರಿಭಾಷಿಕ ಪದಗಳು ಇಂಗ್ಲಿಷಿನವು. ಮೊದಲ ಸಲ ಸುಮ್ಮನೆ ನೋಡಿದಳು. ಎರಡನೆಯ ಸಲ ಅರ್ಧದಲ್ಲಿ ನಿಲ್ಲಿಸಿ, ಎದ್ದು ಹೋಗಿ, ಜಾಮಿಟ್ರಿ ಪೆಟ್ಟಿಗೆಯಿಂದ ಸ್ಕೇಲು ತಂದಳು. ಅದನ್ನು ಪರದೆಯ ಮೇಲಿಟ್ಟು ಅಳೆದಳು. ಸಂಕೋಚನಕ್ಕೆ ಮುನ್ನ ಝಡ್ ಗೆರೆಗಳ ನಡುವಣ ಅಂತರ 5 ಸೆಂಟಿಮೀಟರು, ಎ ಪಟ್ಟಿ 3 ಸೆಂಟಿಮೀಟರು ಚಿಲ್ಲರೆ. ಪಾಠವನ್ನು ಮುಂದಕ್ಕೆ ಬಿಟ್ಟು ಮತ್ತೆ ನಿಲ್ಲಿಸಿ ಅಳೆದಳು. ಝಡ್ ಗೆರೆಗಳು 4 ಸೆಂಟಿಮೀಟರಿಗೆ ಬಂದಿದ್ದವು. ಎ ಪಟ್ಟಿ ಮೊದಲಿನಷ್ಟೇ ಇತ್ತು. “ಎಳೆ ಗಿಡ್ಡ ಆಗೇ ಇಲ್ಲ ಮಾವ!” ಎಂದು ಕೂಗಿದಳು. ನನ್ನ ಮೂವತ್ತು ವರ್ಷದ ಕಪ್ಪುಹಲಗೆ ಮಾಡಲಾರದ್ದನ್ನು ಒಂದು ಸ್ಕೇಲು, ಒಂದು ಮೊಬೈಲು ಮಾಡಿದ್ದವು.

ಹಾಗಾದರೆ ಅಷ್ಟು ಚಿಕ್ಕ ಜಾರುವಿಕೆಯಿಂದ ಹೋರಿಯೊಂದು ನೆಗೆಯುವುದು ಹೇಗೆ? ಇದಕ್ಕೆ ವಿಡಿಯೊ ಬೇಕಿಲ್ಲ, ಕಾಗದ ಪೆನ್ಸಿಲು ಸಾಕು. ಎರಡು ಝಡ್ ಗೆರೆಗಳ ನಡುವಣ ಘಟಕಕ್ಕೆ ಸಾರ್ಕೋಮಿಯರ್ ಎಂದು ಹೆಸರು. ಅದರ ಉದ್ದ ಸುಮಾರು 2.5 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ನಾನ್ನೂರರಲ್ಲಿ ಒಂದು ಭಾಗ. ಹತ್ತು ಸೆಂಟಿಮೀಟರ್ ಉದ್ದದ ಸ್ನಾಯುತಂತುವಿನಲ್ಲಿ ಇಂತಹ 40,000 ಘಟಕಗಳು ಸರಪಳಿಯ ಕೊಂಡಿಗಳಂತೆ ಸಾಲಾಗಿರುತ್ತವೆ. ಒಂದೊಂದೂ ಅರ್ಧ ಮೈಕ್ರೋಮೀಟರ್ ಕುಗ್ಗಿದರೆ ಒಟ್ಟು 2 ಸೆಂಟಿಮೀಟರ್ ಕುಗ್ಗಿದಂತಾಯಿತು. ಲೆಕ್ಕ ಮುಗಿಸಿದ ಹುಡುಗಿ ತನ್ನ ಮೊಣಕೈಯನ್ನು ಮಡಚಿ ಬಿಚ್ಚಿ ನೋಡಿಕೊಂಡಳು.

ಆದರೂ ಒಂದು ಗಂಟು ಉಳಿದಿತ್ತು. ನರದ ಸಂದೇಶ ಬಂದು ಅಸಿಟೈಲ್ ಕೋಲಿನ್ ಬಿಡುಗಡೆಯಾಗುತ್ತದೆ. ಸ್ನಾಯುಕೋಶದ ಒಳಸಂಗ್ರಹದಿಂದ ಕ್ಯಾಲ್ಸಿಯಂ ಹೊರಬರುತ್ತದೆ. ಅದು ಟ್ರೋಪೋನಿನ್‌ಗೆ ಅಂಟಿಕೊಂಡೊಡನೆ ಆಕ್ಟಿನ್ನಿನ ಮೇಲಿನ ಟ್ರೋಪೋಮಯೋಸಿನ್ ಎಂಬ ಮುಚ್ಚಳದೆಳೆ ಪಕ್ಕಕ್ಕೆ ಸರಿಯುತ್ತದೆ. ಮಯೋಸಿನ್ನಿನ ತಲೆಗಳು ಆಕ್ಟಿನ್ನನ್ನು ಹಿಡಿದು ಎಳೆಯುತ್ತವೆ. ಇಷ್ಟನ್ನು ಅವಳು ಒಪ್ಪಿದಳು. ಎಳೆಯಲು ಎಟಿಪಿ ಎಂಬ ಶಕ್ತಿಕಣ ಬೇಕು ಎಂಬುದನ್ನೂ ಒಪ್ಪಿದಳು. ಹಿಡಿತ ಬಿಡುವುದಕ್ಕೂ ಎಟಿಪಿಯೇ ಬೇಕು ಎಂದಾಗ ಮಾತ್ರ ಒಪ್ಪಲಿಲ್ಲ. ಬಿಡುವುದಕ್ಕೇಕೆ ಶಕ್ತಿ? ಅಲ್ಲಿ ನಾನು ಬಾವಿಯ ಹಗ್ಗದ ಉಪಮೆ ಕೊಟ್ಟೆ. ಕೊಡ ಮೇಲೆ ಬರಬೇಕಾದರೆ ಕೈ ಹಿಡಿಯಬೇಕು, ಎಳೆಯಬೇಕು, ಬಿಟ್ಟು ಮುಂದೆ ಚಾಚಿ ಮತ್ತೆ ಹಿಡಿಯಬೇಕು. ಮಯೋಸಿನ್ನಿನ ತಲೆಗೆ ಹೊಸದೊಂದು ಎಟಿಪಿ ಬಂದು ಕೂಡಿಕೊಂಡಾಗಲೇ ಅದು ಹಿಡಿತ ಸಡಿಲಿಸುವುದು.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ನಾನು ನಿರೀಕ್ಷಿಸದ ಪ್ರಶ್ನೆ ಕೇಳಿದಳು. ಹಿಂದಿನ ವರ್ಷ ಅವಳ ಅಜ್ಜ ಲಿಂಗೈಕ್ಯರಾಗಿದ್ದರು. ನಮ್ಮಲ್ಲಿ ದೇಹವನ್ನು ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವ ಪದ್ಧತಿಯಷ್ಟೆ. ಅಂದು ಕೇರಿಯ ಹಿರಿಯರೊಬ್ಬರು, “ಬೇಗ ಕೂರಿಸ್ರಪ್ಪ, ಹೊತ್ತಾದ್ರೆ ಕಾಲು ಮಡಚಾಕೆ ಬರಲ್ಲ” ಎಂದು ಅವಸರಪಡಿಸಿದ್ದು ಅವಳ ನೆನಪಿನಲ್ಲಿ ಉಳಿದಿತ್ತು. “ಅಜ್ಜನ ಕೈಯೊಳಗೆ ಬಿಡೋ ಶಕ್ತಿ ಮುಗಿದಿತ್ತಾ ಮಾವ?” ಎಂದಳು. ಹೌದು, ಅದೇ. ಪ್ರಾಣ ಹೋದ ಮೇಲೆ ಉಸಿರಿಲ್ಲ, ಹೊಸ ಎಟಿಪಿ ಇಲ್ಲ. ಸೋರಿಬಂದ ಕ್ಯಾಲ್ಸಿಯಂನಿಂದಾಗಿ ತಲೆಗಳು ಆಕ್ಟಿನ್ನನ್ನು ಹಿಡಿದುಕೊಳ್ಳುತ್ತವೆ. ಬಿಡಿಸಲು ಏನೂ ಇರುವುದಿಲ್ಲ. ಕೆಲವು ಗಂಟೆಗಳಲ್ಲಿ ದೇಹ ಸೆಟೆದುಕೊಳ್ಳುತ್ತದೆ. ಮುಂದೆ ಆ ಪ್ರೋಟೀನುಗಳೇ ಶಿಥಿಲವಾದಾಗ ಬಿಗುವು ಇಳಿಯುತ್ತದೆ. ಹಿರಿಯರು ಅನುಭವದಿಂದ ಅರಿತಿದ್ದ ಸಂಗತಿಯ ಒಳಗುಟ್ಟನ್ನು ಮೊಮ್ಮಗಳು ತಾನಾಗಿ ಬಿಡಿಸಿಕೊಂಡಿದ್ದಳು. ಅವಳ ತಾಯಿ ಒಳಗಿನಿಂದ ಬಂದು ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿ, ಏನೂ ಹೇಳದೆ ಒಳಗೆ ಹೋದಳು.

ದೃಶ್ಯದ ಮೂಲಕ ಕಲಿಸುವ ಪ್ರಯತ್ನ ಹೊಸದೇನಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ಪಾಠ ಬಂದಾಗ ನಮ್ಮ ರಾಜ್ಯದ ಅಂದಿನ ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. 1984ರ ಆಗಸ್ಟ್ 15ರಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ತರಗತಿ ದೂರದರ್ಶನದಲ್ಲಿ ಆರಂಭವಾಯಿತು. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. 2017ರಲ್ಲಿ ಸ್ವಯಂಪ್ರಭಾ ವಾಹಿನಿಗಳು ಬಂದವು. ಟಿ.ವಿ.ಯ ಪಾಠದಲ್ಲಿ ಒಂದೇ ಒಂದು ಕೊರತೆಯಿತ್ತು, ಅದು ಯಾರಿಗಾಗಿಯೂ ಕಾಯುತ್ತಿರಲಿಲ್ಲ. ಕರೆಂಟು ಹೋದರೆ ಪಾಠವೂ ಹೋಯಿತು. ಅಂತರಜಾಲದ ಪಾಠ ನಿಲ್ಲಿಸಿದರೆ ನಿಲ್ಲುತ್ತದೆ, ಹಿಂದಕ್ಕೆ ಹೋಗು ಎಂದರೆ ಹೋಗುತ್ತದೆ, ಮೆಲ್ಲಗೆ ಎಂದರೆ ಮೆಲ್ಲಗೆ ನಡೆಯುತ್ತದೆ. ಸ್ನಾಯುವಿನ ವಿಷಯದಲ್ಲಿ ಈ ಮೆಲ್ಲನೆಯ ನಡಿಗೆಯೇ ಮುಖ್ಯ. ಕಪ್ಪೆಯ ಮೀನಖಂಡದ ಸ್ನಾಯು ಒಮ್ಮೆ ಮಿಡಿದು ಸಡಿಲಗೊಳ್ಳಲು ಹಿಡಿಯುವ ಕಾಲ ಸೆಕೆಂಡಿನ ಹತ್ತರಲ್ಲೊಂದು ಭಾಗ. ಹಿಂದೆ ಮಸಿ ಬಳಿದ ಉರುಳೆಯನ್ನು ತಿರುಗಿಸಿ, ಅದರ ಮೇಲೆ ಮಿಡಿತದ ವಕ್ರರೇಖೆಯನ್ನು ಗೀಚಿಸಿ ವೈದ್ಯವಿದ್ಯಾರ್ಥಿಗಳು ಕಲಿಯುತ್ತಿದ್ದರು. ಆ ಸೌಲಭ್ಯ ಹಳ್ಳಿಯ ಪಿ.ಯು. ವಿದ್ಯಾರ್ಥಿಗೆ ಎಲ್ಲಿತ್ತು?

ಇನ್ನು ಭಾಷೆಯ ಮಾತು. 2012ರಿಂದ ನಮ್ಮ ಪಿ.ಯು. ವಿಜ್ಞಾನಕ್ಕೆ ಎನ್.ಸಿ.ಇ.ಆರ್.ಟಿ. ಪಠ್ಯ ಬಂದಿದೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿಯೂ ಬರೆಯಬಹುದಾಗಿದೆ. 2020ರ ಏಪ್ರಿಲ್‌ನಲ್ಲಿ, ಕೊರೋನಾದಿಂದ ಕಾಲೇಜುಗಳು ಮುಚ್ಚಿದ್ದಾಗ, ರಾಜ್ಯ ಸರ್ಕಾರ ‘ಗೆಟ್ ಸಿಇಟಿ ಗೋ’ ಎಂಬ ಹೆಸರಿನಲ್ಲಿ ಸಿ.ಇ.ಟಿ., ನೀಟ್ ಅಭ್ಯರ್ಥಿಗಳಿಗೆ ಉಚಿತ ಅಂತರಜಾಲ ತರಬೇತಿ ಆರಂಭಿಸಿತು. ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಶಿಕಾರಿಪುರದ ಶಾಸಕರೇ ಆಗಿದ್ದರು. ಹೀಗಿದ್ದೂ, ಹಣವುಳ್ಳವರು ಮಕ್ಕಳನ್ನು ಕರಾವಳಿಯ ವಸತಿ ಕಾಲೇಜುಗಳಿಗೆ ಕಳುಹಿಸುತ್ತಾರೆ, ಇಲ್ಲದವರು ವಿಜ್ಞಾನವನ್ನೇ ಬಿಡಿಸುತ್ತಾರೆ. ಇದು ಸಣ್ಣ ನಷ್ಟವಲ್ಲ. ಮಂಗನ ಕಾಯಿಲೆಗೆ ಜಗತ್ತಿನಾದ್ಯಂತ ಹೆಸರು ಕೊಟ್ಟ ಕ್ಯಾಸನೂರು ಕಾಡು ಸೊರಬ ತಾಲ್ಲೂಕಿನದು. 1957ರಲ್ಲಿ ಅಲ್ಲಿ ಪತ್ತೆಯಾದ ಆ ಜ್ವರದ ಲಕ್ಷಣಗಳಲ್ಲಿ ತೀವ್ರವಾದ ಸ್ನಾಯುನೋವೂ ಒಂದು. ಇತ್ತ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠವನ್ನು 1162ರ ಶಾಸನವು ವ್ಯಾಕರಣ, ದರ್ಶನಗಳ ಅಧ್ಯಯನದ ಸ್ಥಳವೆಂದೂ, ರೋಗಿಗಳಿಗೆ ಔಷಧ ನೀಡುವ ಸ್ಥಳವೆಂದೂ ವರ್ಣಿಸುತ್ತದೆ. ವಿದ್ಯೆಗೂ ವೈದ್ಯಕ್ಕೂ ಇಂತಹ ಹಳೆಯ ನಂಟಿರುವ ಸೀಮೆಯ ಮಗಳು ಒಂದು ಅಧ್ಯಾಯ ಅರ್ಥವಾಗಲಿಲ್ಲವೆಂದು ಹಿಂದೆ ಸರಿಯಬೇಕೆ?

ವಿಡಿಯೊ ಪಾಠಗಳೆಲ್ಲವೂ ನಿರ್ದೋಷವೆಂದು ನಾನು ಹೇಳಲಾರೆ. ಆ ವಾರದಲ್ಲಿ ನಾವು ನೋಡಿದ ನಾಲ್ಕರಲ್ಲಿ ಒಂದು, ಮಯೋಸಿನ್ನಿನ ತಲೆಗಳೆಲ್ಲವೂ ಕವಾಯತಿನಂತೆ ಒಟ್ಟಿಗೇ ಹಿಡಿದು ಒಟ್ಟಿಗೇ ಬಿಡುವುದನ್ನು ತೋರಿಸಿತು. ಬಾವಿಯ ಹಗ್ಗವನ್ನು ಎರಡು ಕೈಗಳಿಂದಲೂ ಒಮ್ಮೆಗೇ ಬಿಟ್ಟರೆ ಕೊಡ ತಳ ಸೇರದೆ? ತಲೆಗಳು ಸರದಿಯಂತೆ ದುಡಿಯುತ್ತವೆ. ಇದನ್ನು ಹುಡುಗಿಯೇ ಗುರುತಿಸಿದ್ದು ನನಗೆ ಸಂತೋಷ ತಂದಿತು. ಒಂದರಲ್ಲಿ ಕೆಂಪಾಗಿದ್ದ ಎಳೆ ಇನ್ನೊಂದರಲ್ಲಿ ನೀಲಿಯಾಗಿ ಗೊಂದಲವಾದದ್ದೂ ಉಂಟು. ಇದಕ್ಕಿಂತ ದೊಡ್ಡ ಅಪಾಯವೆಂದರೆ, ಒಂದರ ಮೇಲೊಂದು ಹತ್ತು ಪಾಠ ನೋಡಿ ಎಲ್ಲ ತಿಳಿಯಿತೆಂದು ಭ್ರಮಿಸುವುದು. ನೋಡಿದ್ದನ್ನು ಮೊಬೈಲು ಮುಚ್ಚಿಟ್ಟು ಕಾಗದದ ಮೇಲೆ ಬರೆಯಿಸಿದಾಗಲೇ ಬಣ್ಣ ಬಯಲಾಗುವುದು. ಮೊದಲ ದಿನ ಅವಳು ಬರೆದ ಚಿತ್ರದಲ್ಲಿ ಆಕ್ಟಿನ್ನು ಝಡ್ ಗೆರೆಗೆ ಅಂಟಿಕೊಂಡೇ ಇರಲಿಲ್ಲ!

ಮಕ್ಕಳ ಕೈಗೆ ಮೊಬೈಲು ಕೊಡಲು ಅಂಜುವ ತಾಯಿತಂದೆಯರ ಅಂಜಿಕೆ ನಿರಾಧಾರವೇನೂ ಅಲ್ಲ. ತಂಗಿಯ ಮನೆಯಲ್ಲಿ ಮಾಡಿಕೊಂಡ ಏರ್ಪಾಡು ಇಷ್ಟೇ: ರಾತ್ರಿ ಊಟಕ್ಕೆ ಮುಂಚೆ ಅರ್ಧ ಗಂಟೆ, ನಡುಮನೆಯಲ್ಲಿ, ಎಲ್ಲರ ಎದುರಿಗೆ, ಪಕ್ಕದಲ್ಲಿ ನೋಟುಪುಸ್ತಕ. ಅವರ ಮನೆಯ ಒಳಗೆ ನೆಟ್‌ವರ್ಕ್ ಸರಿಯಾಗಿ ಸಿಗದ ಕಾರಣ, ಶಿಕಾರಿಪುರದಲ್ಲಿ ಬಸ್ಸಿಗೆ ಕಾಯುವಾಗ ಗೆಳತಿಯ ಮೊಬೈಲಿನಲ್ಲಿ ಪಾಠ ಇಳಿಸಿಕೊಂಡು ತರುವುದನ್ನೂ ಅವಳು ಕಲಿತಳು. ಅರ್ಥವಾಗದ್ದನ್ನು ಮರುದಿನ ಕಾಲೇಜಿನಲ್ಲಿ ಉಪನ್ಯಾಸಕರನ್ನು ಕೇಳುತ್ತಾಳೆ. ಮೊದಲು ಕೇಳುತ್ತಿರಲಿಲ್ಲ. ಏನು ಅರ್ಥವಾಗಿಲ್ಲ ಎಂಬುದು ತಿಳಿದರಲ್ಲವೆ ಕೇಳುವುದು!

ಮುಂದಿನ ಕಿರುಪರೀಕ್ಷೆಯಲ್ಲಿ ಸ್ನಾಯುಸಂಕೋಚನದ ಪ್ರಶ್ನೆ ಐದು ಅಂಕಕ್ಕೆ ಬಂದಿತ್ತು. ಕ್ಯಾಲ್ಸಿಯಂ ಟ್ರೋಪೋಮಯೋಸಿನ್‌ಗೆ ಅಂಟುತ್ತದೆ ಎಂದು ಬರೆದು ಒಂದು ಅಂಕ ಕಳೆದುಕೊಂಡಳು, ನಾಲ್ಕು ಬಂದವು. ಕಲಾ ವಿಭಾಗದ ಮಾತನ್ನು ಅವಳ ತಂದೆ ಮತ್ತೆ ಎತ್ತಿಲ್ಲ. ಅರ್ಧ ಗಂಟೆ ಮುಗಿದೊಡನೆ ಮೆಕ್ಕೆಜೋಳದ ಧಾರಣೆ ನೋಡಬೇಕೆಂದು ಮೊಬೈಲನ್ನು ಕೇಳಿ ಪಡೆಯುತ್ತಾರೆ, ಅಷ್ಟೆ. ಕಳೆದ ವಾರ ಅದೇ ಮೊಬೈಲಿನಿಂದ ನನಗೆ ಕರೆ ಬಂದಿತ್ತು. “ಕೈ ಎತ್ತಿ ಹಿಡಿದ್ರೆ ಐದು ನಿಮಿಷಕ್ಕೆ ಸೋಲ್ತದೆ. ಹೃದಯನೂ ಸ್ನಾಯುನೇ ಅಲ್ವಾ ಮಾವ, ಅದು ಯಾಕೆ ಸೋಲಲ್ಲ?” ಎಂದು ಕೇಳಿದಳು. ಭಾನುವಾರ ಆನವಟ್ಟಿಯ ಬಸ್ಸಿಗೆ ಹೊರಡುತ್ತೇನೆಂದು ಹೇಳಿದ್ದೇನೆ.