ಹಾಯಿ ಬಿಚ್ಚುವ ಮೊದಲು ಮನೆವಾರ್ತೆ

ಗ್ರೀಸಿನ ಪಶ್ಚಿಮಕ್ಕಿರುವ ಅಯೋನಿಯನ್ ಕಡಲಿನಲ್ಲಿ ಲೆಫ್ಕಾಡ, ಇಥಾಕಾ, ಕೆಫಲೋನಿಯಾ ದ್ವೀಪಗಳು ಒಂದಕ್ಕೊಂದು ಕೆಲವೇ ತಾಸುಗಳ ದೂರದಲ್ಲಿವೆ. ಬೇಸಿಗೆಯಲ್ಲಿ ಇಲ್ಲಿ ಹಾಯಿದೋಣಿಗಳು ವಾರದ ಲೆಕ್ಕದಲ್ಲಿ, ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ, ಬಾಡಿಗೆಗೆ ಸಿಗುತ್ತವೆ. ಹಗಲು ಪಯಣ, ರಾತ್ರಿ ಯಾವುದಾದರೂ ಕೊಲ್ಲಿಯಲ್ಲಿ ಲಂಗರು, ಊಟ-ನಿದ್ದೆ ದೋಣಿಯಲ್ಲೇ. ಇಂಥ ರಜೆಗೆ ಗಟ್ಟಿ ಗುಂಡಿಗೆ ಇಲ್ಲವೇ ದಪ್ಪ ಜೇಬು ಇದ್ದರಾಯಿತು ಎಂದುಕೊಳ್ಳುವವರೇ ಹೆಚ್ಚು. ಜೇಬಿನ ಮಾತು ಸುಳ್ಳಲ್ಲ. ಆದರೆ ವಾರವಿಡೀ ಸುಖವೋ ರಗಳೆಯೋ ಎಂಬುದನ್ನು ನಿರ್ಧರಿಸುವುದು ಮನೆವಾರ್ತೆಯ ಲೆಕ್ಕ: ನೀರೆಷ್ಟು, ಕರೆಂಟೆಷ್ಟು, ಜಾಗವೆಷ್ಟು, ಗಾಳಿ ಎತ್ತ.

ಸುಮಾರು 40 ಅಡಿ ಉದ್ದದ ದೋಣಿಯ ಟ್ಯಾಂಕುಗಳಲ್ಲಿ ಸಾಮಾನ್ಯವಾಗಿ 300ರಿಂದ 500 ಲೀಟರ್ ಸಿಹಿನೀರು ಹಿಡಿಯುತ್ತದೆ. 360 ಲೀಟರ್ ಇದೆ, ಆರು ಜನ ಮೂರು ದಿನ ತಳ್ಳಬೇಕು ಎಂದರೆ ತಲೆಗೆ ದಿನಕ್ಕೆ 20 ಲೀಟರ್. ಸ್ನಾನ, ಪಾತ್ರೆ, ಅಡುಗೆ ಎಲ್ಲ ಅದರಲ್ಲೇ. ಆದ್ದರಿಂದ ಮೊದಲು ಕಡಲಿನಲ್ಲಿ ಮುಳುಗೆದ್ದು, ಆಮೇಲೆ ಎರಡು ಚೊಂಬು ಸಿಹಿನೀರು ಸುರಿದುಕೊಳ್ಳುವುದು ಅಲ್ಲಿನ ರೂಢಿ. ದೀಪ, ಫ್ರಿಜ್, ಫೋನು ಎಲ್ಲಕ್ಕೂ ಆಧಾರ 12 ವೋಲ್ಟಿನ ಬ್ಯಾಟರಿ. ಅದನ್ನು ಬೇಗ ಬರಿದು ಮಾಡುವುದು ಫ್ರಿಜ್. ಒಲೆಯನ್ನು ಎರಡು ಬದಿಯ ತಿರುಗಣಿಗಳ ಮೇಲೆ ತೂಗುಹಾಕಿರುತ್ತಾರೆ. ದೋಣಿ ವಾಲಿದರೂ ಒಲೆ ಮಟ್ಟವಾಗಿದ್ದು ಸಾರು ಚೆಲ್ಲುವುದಿಲ್ಲ. ಶೌಚಾಲಯದಲ್ಲಿ ಬಹುತೇಕ ಕೈಪಂಪು: ಒಂದು ಕೀಲಿ ತಿರುಗಿಸಿ ಸಮುದ್ರದ ನೀರು ಒಳಕ್ಕೆಳೆದು ತೊಳೆಯಬೇಕು, ಮತ್ತೆ ತಿರುಗಿಸಿ ಪೂರ್ತಿ ಹೊರಹಾಕಬೇಕು. ಕಾಗದ ಹಾಕಿದರೆ ಕೊಳವೆ ಕಟ್ಟುತ್ತದೆ; ಅದನ್ನು ಬಿಚ್ಚುವ ಪಾಡು ಜೊತೆಯವರದ್ದೇ. ಗಟ್ಟಿ ಸೂಟ್‌ಕೇಸ್ ಇಡಲು ಜಾಗವಿಲ್ಲ. ಮಡಚಿಡಬಹುದಾದ ಬಟ್ಟೆಯ ಚೀಲವೇ ಸರಿ.

ಗಾಳಿಯ ಲೆಕ್ಕ ಇನ್ನೂ ಖಡಕ್ಕು. ಅದರ ವೇಗ ಗಂಟೆಗೆ 10 ನಾಟಿಕಲ್ ಮೈಲಿಯಿಂದ 20ಕ್ಕೇರಿದರೆ ಹಾಯಿಯ ಮೇಲಿನ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಜೋರು ಗಾಳಿ ಬರುವ ಮೊದಲೇ ಹಾಯಿಯನ್ನು ಮಡಚಿ ಚಿಕ್ಕದು ಮಾಡಿಕೊಳ್ಳುವುದು ಅದಕ್ಕೇ. ಯಾವ ಕಡಲು ಎಂಬ ಆಯ್ಕೆಯೂ ಇದರ ಮೇಲೇ ನಿಂತಿದೆ. ಗ್ರೀಸಿನ ಪೂರ್ವಕ್ಕಿರುವ ಏಜಿಯನ್ ಕಡಲಿನಲ್ಲಿ ಜುಲೈ-ಆಗಸ್ಟ್‌ನಲ್ಲಿ ಮೆಲ್ಟೆಮಿ ಎಂಬ ಉತ್ತರದ ಗಾಳಿ ದಿನಗಟ್ಟಲೆ ಬೀಸಿ ದೋಣಿಗಳನ್ನು ಬಂದರಿನಲ್ಲೇ ಕೂರಿಸಿಬಿಡಬಲ್ಲದು. ಅಯೋನಿಯನ್‌ನಲ್ಲಿ ಬೇಸಿಗೆಯ ಬೆಳಗು ಬಹುತೇಕ ಶಾಂತ. ಮಧ್ಯಾಹ್ನ ವಾಯವ್ಯದಿಂದ ಗಾಳಿ ಎದ್ದು ಸಂಜೆಗೆ ಇಳಿಯುತ್ತದೆ. ದೋಣಿ ಗಂಟೆಗೆ ಐದು ನಾಟಿಕಲ್ ಮೈಲಿ ಸಾಗಿದರೂ 20 ಮೈಲಿಗೆ ನಾಲ್ಕು ತಾಸು ಹಿಡಿಯುತ್ತದೆ. ವಾರಕ್ಕೆ ಎಂಟು ಊರು ಪಟ್ಟಿಮಾಡಿಕೊಂಡು ಹೋದವರು ಕೊನೆಗೆ ಕೆಟ್ಟ ಹವೆಯಲ್ಲಿ ಹೊರಡುವ ಒತ್ತಡಕ್ಕೆ ಸಿಕ್ಕಿಕೊಳ್ಳುತ್ತಾರೆ. ಒಂದೆರಡು ದಿನ ಖಾಲಿ ಬಿಟ್ಟವರಿಗೆ ಆ ಇಕ್ಕಟ್ಟಿಲ್ಲ.

ಎಂಜಿನ್ ಇದೆ, ಫೋನಿನಲ್ಲಿ ನಕ್ಷೆಯಿದೆ, ಇಷ್ಟೆಲ್ಲ ತಲೆನೋವು ಏಕೆ ಎನ್ನಬಹುದು. ಎಂಜಿನ್ನು ಬಂದರು ಸೇರಿಸುತ್ತದೆ, ಗಾಳಿ ನಿಲ್ಲಿಸುವುದಿಲ್ಲ; ನಕ್ಷೆ ನಾವೆಲ್ಲಿದ್ದೇವೆಂದು ಹೇಳುತ್ತದೆ, ಲಂಗರು ನೆಲ ಕಚ್ಚಿದೆಯೇ ಎಂದು ಹೇಳುವುದಿಲ್ಲ. ಸಂಬಳದ ಚಾಲಕನನ್ನು ಇಟ್ಟುಕೊಂಡರಾಯಿತು ಎಂಬುದು ಇನ್ನೊಂದು ವಾದ. ಇದು ಒಪ್ಪತಕ್ಕದ್ದೇ, ಏಕೆಂದರೆ ದೋಣಿಯನ್ನು ತಾವೇ ನಡೆಸಲು ಗ್ರೀಸಿನಲ್ಲಿ ಅರ್ಹತಾ ಪತ್ರ ತೋರಿಸಬೇಕು, ಅನುಭವವಿರುವ ಇನ್ನೊಬ್ಬರೂ ಜೊತೆಗಿರಬೇಕು. ಆದರೆ ಚಾಲಕ ದೋಣಿ ನಡೆಸಿಯಾನು, ಆರು ಜನರ ನೀರಿನ ಖರ್ಚು ಹಿಡಿತದಲ್ಲಿಡಲಾರ. ರಜೆಯಲ್ಲೂ ಲೆಕ್ಕವೇ ಎಂದು ಬೇಸರಪಡುವವರಿಗೆ ದ್ವೀಪದ ಹೋಟೆಲು, ಫೆರಿಗಳಿವೆ, ಅದರಲ್ಲಿ ತಪ್ಪೇನಿಲ್ಲ. ಈ ಲೆಕ್ಕ ಹಿಡಿಸುವವರು ಜೂನ್ ಇಲ್ಲವೇ ಸೆಪ್ಟೆಂಬರ್ ಆರಿಸಿಕೊಂಡು, ಮಾರ್ಗದರ್ಶಕ ದೋಣಿಯೊಂದರ ಜೊತೆ ಗುಂಪಾಗಿ ಸಾಗುವ ಫ್ಲೊಟಿಲ್ಲಾದಿಂದ ಶುರುಮಾಡುವುದು ಮೇಲು. ಅಲ್ಲಿ ತಪ್ಪಿದರೆ ತಿದ್ದುವವರು ಹತ್ತಿರದಲ್ಲೇ ಇರುತ್ತಾರೆ.